ಫಿಲಿಪೀನ್ಸಿನ ಮೇಡಂ ಮೆಚ್ಚಿದ ತಲೆ

ಫಿಲಿಪೀನ್ಸಿನಿಂದ ನವುಲೆಯ ಕೃಷಿ ಕಾಲೇಜಿಗೆ ಬಂದಿದ್ದ ಭತ್ತದ ವಿಜ್ಞಾನಿಯೊಬ್ಬರಿಗೆ ಆ ವಾರ ನಾನೇ ದುಭಾಷಿ. ಅವರ ಇಂಗ್ಲಿಷನ್ನು ರೈತರಿಗೆ ಕನ್ನಡದಲ್ಲಿ ಹೇಳೋದು, ರೈತರ ಮಾತನ್ನು ಅವರಿಗೆ ಮುಟ್ಟಿಸೋದು ನನ್ನ ಕೆಲಸ.

ಮಲವಗೊಪ್ಪದ ಆಚೆ ಒಂದು ಗದ್ದೆಯ ಮೂಲೆಯಲ್ಲಿ ಪೈರು ಹಳದಿಯಾಗಿತ್ತು. ಎರಡು ಸಲ ಯೂರಿಯಾ ಹಾಕಿದರೂ ಹಸಿರಾಗಿರಲಿಲ್ಲ. ಗದ್ದೆಯ ಯಜಮಾನರು ಮತ್ತೊಂದು ಚೀಲ ಬಿಚ್ಚುತ್ತಿದ್ದರು. ಮೂರನೇ ಕ್ಲಾಸಿನ ಅವರ ಮಗಳು ಬದುವಿನ ಮೇಲೆ ನಿಂತಿದ್ದಳು.

"ಅಪ್ಪ, ಗೊಬ್ಬರ ಸಾಲದೆ ಅಲ್ಲ. ಮೊದಲು ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸ್ತಿದ್ವಲ್ಲ, ನೆಲ ಗಟ್ಟಿಯಾಗಿದೆ. ನಾನು ಕಡ್ಡಿ ಚುಚ್ಚಿ ನೋಡಿದೀನಿ. ಬೇರೆ ಕಡೆ ಗೇಣುದ್ದ ಇಳಿಯುತ್ತೆ, ಅಲ್ಲಿ ಬೆರಳುದ್ದ ಅಷ್ಟೆ."

"ಸುಮ್ಮನಿರೆ ಮಾರಾಯ್ತಿ," ಅಂದರು ಅಪ್ಪ.

ನಾನು ಅಷ್ಟನ್ನೂ ಮೇಡಂಗೆ ಹೇಳಿದೆ. ಅವರು ಪ್ಯಾಂಟ್ ಮಡಚಿ ಕೆಸರಿಗಿಳಿದರು. ಹುಡುಗಿಯ ಕೈಯಿಂದಲೇ ಕಡ್ಡಿ ತಗೊಂಡು ಐದಾರು ಕಡೆ ಚುಚ್ಚಿ ನೋಡಿದರು. ಅವಳು ಹೇಳಿದ್ದು ನಿಜವಾಗಿತ್ತು. ವಾಪಸ್ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತು, ಇಂಗ್ಲಿಷನ್ನೇ ಮರೆತು, "ಆಂಗ್ ತಲೀನೊ ಮೊ" ಅಂದರು.

ನನಗೆ ತಿಳಿಯಲಿಲ್ಲ, ಕೇಳಿದೆ. "ನೀನೆಷ್ಟು ಬುದ್ಧಿವಂತೆ ಅಂದೆ. ನಮ್ಮ ಭಾಷೆ," ಅಂತ ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

ಅದನ್ನು ಕನ್ನಡಕ್ಕೆ ತರೋಣ ಅಂತ ತಿರುಗಿದರೆ, ಹುಡುಗಿ ಆಗಲೇ ಅಪ್ಪನಿಗೆ ಹೇಳುತ್ತಿದ್ದಳು: "ಕೇಳಿಸ್ತಾ? ತಲೀ ಅಂದ್ರು. ನಂಗೆ ತಲೆ ಇದೆ ಅಂತ."

ಯಜಮಾನರು ಚೀಲದ ಬಾಯಿ ಕಟ್ಟಿದರು. ಆ ವಾರವೆಲ್ಲ ನಾನು ಅನುವಾದಿಸಿದ ಯಾವ ಮಾತೂ ಇಷ್ಟು ಸರಿಯಾಗಿ ತಲುಪಿದ್ದು ನೆನಪಿಲ್ಲ.