ಕೊಸರು ಕೊಡದ ಯಂತ್ರ

ಅಂಗಡಿಯವನು ಪೊಟ್ಟಣ ಕೊಟ್ಟ ಮೇಲೂ ನನ್ನ ಬಲಗೈ ಕ್ಷಣಕಾಲ ಚಾಚಿಕೊಂಡೇ ಇರುತ್ತದೆ. ಹೆಂಡತಿ ಇದಕ್ಕೆ ಭಿಕ್ಷಾಮುದ್ರೆ ಎಂದು ನಾಮಕರಣ ಮಾಡಿದ್ದಾಳೆ. ನಾನಾದರೋ ಸಂಸ್ಕೃತಿ ಎನ್ನುತ್ತೇನೆ. ಬೈಲಹೊಂಗಲದ ಸಂತೆಯಲ್ಲಿ ಬೆಳೆದವರಿಗೆ, ತೂಕ ಮುಗಿದ ಮೇಲೆ ಪ್ರೀತಿಗೆಂದು ಬೀಳುವ ಆ ಒಂದಿಷ್ಟು ಕೊಸರು ಕೈಸೇರದೆ ವ್ಯಾಪಾರ ಮುಗಿದಂತೆ ಅನಿಸುವುದೇ ಇಲ್ಲ.

ಈ ಕೈಯ ಚರಿತ್ರೆಯಲ್ಲಿ ಒಂದು ಯಂತ್ರವೂ ಬರುತ್ತದೆ, ಓದುಗ ಮಹಾಶಯರೇ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನಾನು ಕನ್ನಡ ಕಲಿಸುತ್ತಿದ್ದ ಹೈಸ್ಕೂಲಿಗೆ ಊರಿನ ಅರಳೆ ವ್ಯಾಪಾರಿಯೊಬ್ಬರು ಮುಂಬಯಿಯಿಂದ ಕಪಾಟಿನಂಥ ಯಂತ್ರವೊಂದನ್ನು ತರಿಸಿಕೊಟ್ಟರು. ನಾಣ್ಯ ಹಾಕಿ ಗುಂಡಿ ಒತ್ತಿದರೆ ಗಾಜಿನ ಹಿಂದಿನ ಬಿಸ್ಕೀಟು ಧೊಪ್ಪನೆ ಕೆಳಗೆ ಬೀಳುತ್ತಿತ್ತು. ರಾಮದುರ್ಗದ ಕಡೆಯವರಾದ ನಮ್ಮ ಹೆಡ್‌ಮಾಸ್ತರರು ಶುಚಿತ್ವದ ಪರಮೋಪಾಸಕರು. ಒಂದು ವಾರದ ಪರೀಕ್ಷೆಯಲ್ಲಿ ಯಂತ್ರ ಪಾಸಾದರೆ, ಗೇಟಿನ ಬಳಿ ಶೇಂಗಾ, ಪುಠಾಣಿ ಎನ್ನುವ ಹುರಿಗಡಲೆ, ಬಾರಿಹಣ್ಣು ಮಾರುವ ಮಾಬೂಬಿಯನ್ನು ಎಬ್ಬಿಸುವುದೆಂದು ಸಾರಿಬಿಟ್ಟರು. ಗಂಡನಿಲ್ಲದ ಮಾಬೂಬಿಗೆ ಆ ಗೇಟೇ ಹೊಲ, ಆ ಗೇಟೇ ಪಗಾರ. ನನಗೆ ಸಂಕಟವಾಯಿತು, ಯಂತ್ರದ ಚಮತ್ಕಾರ ನೋಡುವ ಆಸೆಯೂ ಅಷ್ಟೇ ಆಯಿತು. ಸಂಕಟ, ಕುತೂಹಲಗಳೆರಡೂ ಒಂದೇ ಹೊಟ್ಟೆಯಲ್ಲಿ ಇಷ್ಟು ನಿರ್ಲಜ್ಜವಾಗಿ ಸಂಸಾರ ಹೂಡಬಲ್ಲವೆಂದು ನನಗೆ ಅಂದೇ ತಿಳಿದದ್ದು.

ಶಾಲೆಗೆ ಯಂತ್ರ ಬೇಕೇ ಬೇಡವೇ ಎಂದು ಶಿಕ್ಷಕರ ಕೋಣೆಯಲ್ಲಿ ಚಹಾ ಆರುವವರೆಗೂ ಚರ್ಚೆ ನಡೆಯಿತು. ವಿಜ್ಞಾನದವರು ಪ್ರಗತಿ ಎಂದರು, ಗಣಿತದವರು ಮಕ್ಕಳ ಹಲ್ಲಿನ ಮಾತೆತ್ತಿದರು, ನಾನು ಎರಡೂ ಕಡೆ ತಲೆಯಾಡಿಸಿ ವಿದ್ವತ್ತು ಕಾಪಾಡಿಕೊಂಡೆ. ಮಕ್ಕಳ ವರ್ತನೆ ಮಾತ್ರ ವಿಚಿತ್ರವಾಗಿತ್ತು. ಬಿಸ್ಕೀಟು ಎತ್ತಿಕೊಂಡು ಮತ್ತೆ ಅಂಗೈಯೊಡ್ಡಿ ನಿಲ್ಲುವರು. ಏನೂ ಬೀಳದಿದ್ದರೆ ಯಂತ್ರವನ್ನು ಮೆಲ್ಲಗೆ ತಟ್ಟುವರು. ಕೊನೆಗೆ ಗೇಟಿಗೆ ಓಡಿ, ಅದರ ಕೊಸರನ್ನು ಮಾಬೂಬಿಯ ಹತ್ತಿರ ಕೇಳುವರು. ಆಕೆಯೂ, ತನ್ನ ಹೊಟ್ಟೆಯ ಮೇಲೆ ಹೊಡೆಯಲು ಬಂದ ಯಂತ್ರದ ಗಿರಾಕಿಗಳಿಗೇ ಒಂದಿಷ್ಟು ಪುಠಾಣಿ ಕೊಡುತ್ತಿದ್ದಳು. ಹೀಗೇಕೆಂದು ಕೇಳಿದೆ.

“ಅದಕ್ಕ ಕೈ ಇಲ್ಲಲ್ರೀ ಸರ,” ಎಂದಳು. “ಹುಡುಗೂರ್ನ ಖಾಲಿ ಕೈಲೆ ಕಳಸಬಾರದು.”

ವಾರದ ಕೊನೆಗೆ, ದಾನಿಗಳ ಸಮ್ಮುಖದಲ್ಲಿ ಹೆಡ್‌ಮಾಸ್ತರರೇ ನಾಣ್ಯ ಹಾಕಿದರು. ಬಿಸ್ಕೀಟು ಬಿತ್ತು. ಎಡಗೈಯಲ್ಲಿ ಅದನ್ನು ಹಿಡಿದು ಅವರು ನಿಂತೇ ಇದ್ದರು. ನೋಡಿದರೆ, ಬಲಗೈ ಅಂಗೈ ಮೇಲಾಗಿ ಯಂತ್ರದ ಮುಂದೆ ಚಾಚಿತ್ತು. ನಗುವ ಧೈರ್ಯ ನಮಗಾರಿಗೂ ಇರಲಿಲ್ಲ. ಗೇಟಿನಿಂದ ಮಾಬೂಬಿ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಆ ಅಂಗೈಗೆ ಒಂದು ಹಿಡಿ ಪುಠಾಣಿ ಹಾಕಿ ತಿರುಗಿ ಹೋದಳು. ಅವರು ಕೆಂಪಾದರು, ಸುತ್ತ ನೋಡಿದರು, ಆಮೇಲೆ ಒಂದೊಂದಾಗಿ ಬಾಯಿಗೆ ಹಾಕಿಕೊಂಡರು.

“ಈ ಪೆಟಗಿ ಗೇಟಿನ ಹಂತೇಕ ಸರಸ್ರಿ,” ಎಂದರು ಕೊನೆಗೆ. “ಆಕಿ ಅಲ್ಲೇ ಇರ್ಲಿ.”

ಗೇಟಿನ ಬಳಿಗೆ ಸರಿದ ಯಂತ್ರ ಆ ಮಳೆಗಾಲದಲ್ಲೇ ಕೆಟ್ಟಿತು. ಅದರ ನೆರಳಿನಲ್ಲಿ ಮಾಬೂಬಿ ಬಹುಕಾಲ ಕುಳಿತಳು.

ಮೊನ್ನೆ ಧಾರವಾಡದ ಆಸ್ಪತ್ರೆಯೊಂದರಲ್ಲಿ ಅಂಥದೇ ಯಂತ್ರದ ಮುಂದೆ ನನ್ನ ಕೈ ಯಥಾಪ್ರಕಾರ ಚಾಚಿತು. ಭಿಕ್ಷಾಮುದ್ರೆಯ ಮಾತಿಗೆ ಸಿದ್ಧನಾಗಿ ಹೆಂಡತಿಯ ಕಡೆ ತಿರುಗಿದೆ. ಅವಳು ಚೀಲದೊಳಗೆ ಕೈಹಾಕಿ, ನನ್ನ ಅಂಗೈಗೆ ನಾಲ್ಕು ಶೇಂಗಾ ಹಾಕಿದಳು.