ಟೀಚರಮ್ಮ ಮಾಡಿದ ಮಣ್ಣು

ನಿನ್ನೆ ಬೆಳಿಗ್ಗೆ ಹಿಂದಿನ ಓಣಿಯಲ್ಲಿ ಯಾರೋ ಒಣ ಎಲೆ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಬೇವಿನೆಲೆ ಸುಡುವ ಕಹಿ ಹೊಗೆ ಅಡುಗೆಮನೆಯೊಳಗೆ ನುಗ್ಗಿತು. ಕಿಟಕಿ ಮುಚ್ಚಲು ಹೋದವಳು ಹಾಗೇ ನಿಂತುಬಿಟ್ಟೆ. ಟೀಚರಮ್ಮ ಇದ್ದಿದ್ದರೆ ಇಷ್ಟೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಆ ಮನೆಯ ಮುಂದೆ ಹಾಜರಾಗಿರುತ್ತಿದ್ದರು. ಜಗಳಕ್ಕಲ್ಲ... ಸುಡದೆ ಉಳಿದ ಎಲೆಯನ್ನು ಚೀಲಕ್ಕೆ ತುಂಬಿಕೊಳ್ಳಲು.

ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ, ಎದುರು ಮನೆಯಲ್ಲಿ ಅವರು ಬಾಡಿಗೆಗಿದ್ದರು. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಇದ್ದವರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು, ಮದುವೆಯಾಗಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ ಅವರಿಗೆ ತಟ್ಟನೆ ಗಿಡಕ್ಕೆ ನೀರು ಬಿಡುವುದು ನೆನಪಾಗುತ್ತಿತ್ತು, ಎದ್ದು ಹೋಗುತ್ತಿದ್ದರು.

ನಮ್ಮ ಕಡೆ ಮನೆ ಕಟ್ಟಿದರೆ ಅಂಗಳಕ್ಕೆ ಗರಸು, ಅಂದರೆ ಜಲ್ಲಿ ಬೆರೆತ ಮಣ್ಣು, ಹೊಡೆಸಿ ಗಟ್ಟಿ ಮಾಡುತ್ತಾರೆ. ಹಾರೆ ಹಾಕಿದರೆ ಠಣ್ಣೆನ್ನುವ ಕೆಂಪು ನೆಲ. ಟೀಚರಮ್ಮನ ಅಂಗಳವೂ ಮೊದಲು ಹಾಗೇ ಇತ್ತಂತೆ. ಬಿದ್ದ ಎಲೆ, ಕಾಯಿಪಲ್ಲೆಯ ಸಿಪ್ಪೆ, ಸೋಸಿದ ಚಹಾಪುಡಿ, ದೇವರಿಗೇರಿಸಿ ಬಾಡಿದ ಪತ್ರಿ, ಎಲ್ಲವನ್ನೂ ಅದೇ ನೆಲಕ್ಕೆ ಹಾಕುತ್ತಾ ಬಂದಿದ್ದರು. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಗೆ ಹೋಗುತ್ತಿತ್ತು, ಅಕ್ಕಿ ತೊಳೆದ ನೀರು ಕರಿಬೇವಿಗೆ. ಬೇಸಿಗೆಯಲ್ಲಿ ನಳದ ನೀರಿಗೆ ನಾವೆಲ್ಲ ಕೊಡ ಹಿಡಿದು ಕಾಯುವಾಗಲೂ ಅವರ ದಾಸವಾಳ ಮೈತುಂಬ ಹೂ ಬಿಟ್ಟುಕೊಂಡು ನಿಂತಿರುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಇಷ್ಟೆಲ್ಲ ಇದ್ದರೂ ಅವರು ಯಾರಿಗೂ ಒಂದು ಕಡ್ಡಿ ಗಿಡ ಕೊಟ್ಟವರಲ್ಲ. ಕೊಟ್ಟ ಗಿಡ ಬೇರೂರಿ ಹತ್ತುವುದಿಲ್ಲ, ಕದ್ದು ಒಯ್ದದ್ದೇ ಹತ್ತುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಲ್ಲರಿಗೂ ಇದೆ, ಆದರೆ ಅವರಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ಮಲ್ಲಿಗೆ ಬೇಕು ಎಂದು ಯಾರಾದರೂ ಗೇಟಿನ ಹತ್ತಿರ ಸುಳಿದಾಡಿದರೆ ಸಾಕು, "ನಾ ಒಳಗ ಹೋಗಿ ನೀರು ಕುಡ್ದು ಬರ್ತೀನಿ, ಯಾರಾರ ಏನಾರ ಕದ್ದೀರಿ ಮತ್ತ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಒಳಗೆ ಹೋಗುತ್ತಿದ್ದರು. ಬೇಕಾದ ಕೊಂಬೆಯ ಪಕ್ಕದಲ್ಲೇ ಕತ್ತರಿ ಬಿಟ್ಟಿರುತ್ತಿದ್ದರು. ವಿಜ್ಞಾನದ ಟೀಚರ್ ಆಗಿ ಇದನ್ನು ನಂಬುತ್ತೀರಲ್ಲ ಎಂದು ನಾನು ಛೇಡಿಸಿದರೆ, ಅದು ಪರೀಕ್ಷೆಗೆ ಬರುವ ಪಾಠವಲ್ಲ ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಮನೆಯ ಮಾಲೀಕರು ಬಂದರು. ಒಳ್ಳೆಯ ಮನುಷ್ಯ, ಸಂಕೋಚದಿಂದಲೇ ಹೇಳಿದರು. ಮನೆ ಕೆಡವಿ ಅಂಗಡಿ ಸಾಲು ಕಟ್ಟಿಸುವವರಿದ್ದರು. ಟೀಚರಮ್ಮ ತಕರಾರು ತೆಗೆಯಲಿಲ್ಲ. ಮನೆ ಅವರದು, ಕಟ್ಟಿಸಿಕೊಳ್ಳಲಿ ಎಂದರು. ಕೂಡ್ಲಿಗಿಯಲ್ಲಿ ತಂಗಿಯ ಮನೆ ಇತ್ತು, ಅಲ್ಲಿಗೆ ಹೋಗುವುದೆಂದಾಯಿತು. ಆ ಮನೆ ಮಹಡಿಯ ಮೇಲೆ. ನೆಲ ಎಂಬುದೇ ಇಲ್ಲ.

ಹೋಗುವ ಹಿಂದಿನ ದಿನ ಅವರು ಓಣಿಯವರಿಗೆಲ್ಲ ಹೇಳಿ ಕಳಿಸಿದರು. ನಾವು ಹೋದಾಗ ಅಂಗಳದ ನಡುವೆ ಕುರ್ಚಿ ಹಾಕಿಕೊಂಡು, ಗಿಡಗಳಿಗೆ ಬೆನ್ನು ಮಾಡಿ, ಗೋಡೆ ನೋಡುತ್ತಾ ಕೂತಿದ್ದರು. ಇವತ್ತೊಂದು ದಿನ ಕೈಯಾರೆ ಕೊಡಿ, ನಾವೂ ತೃಪ್ತಿಯಿಂದ ಒಯ್ಯುತ್ತೇವೆ ಎಂದು ನಾನೇ ಕೇಳಿದೆ. ಇವತ್ತೇ ಹತ್ತದೇ ಹೋದರೆ ಮತ್ತೆಲ್ಲಿಂದ ತರುತ್ತೀರಿ ಎಂದರು, ತಿರುಗದೆ.

ಸರಿ, ಓಣಿಯ ಹೆಂಗಸರೆಲ್ಲ ಹಾಡುಹಗಲೇ ಕಳ್ಳತನಕ್ಕಿಳಿದೆವು. ಮೊದಮೊದಲು ಪಿಸುಮಾತು, ಆಮೇಲೆ ನಗು. ಕಾಕಡ ಮಲ್ಲಿಗೆ ನನಗೆ, ಲಿಂಬೆ ನಿನಗೆ ಎಂದು ಎಳೆದಾಟವೂ ಆಯಿತು. ಬೇರು ಸಮೇತ ಕಿತ್ತು, ಸೀರೆಗೆ ಮೆತ್ತಬಾರದೆಂದು ಗೋಡೆಗೆ ಬಡಿದು ಬಡಿದು ಮಣ್ಣು ಉದುರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆವು. ಬೆನ್ನು ಮಾಡಿ ಕೂತವರಿಗೆ ಬೇರೇನೂ ಕಾಣುತ್ತಿರಲಿಲ್ಲ. ಆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು... ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದನ್ನು ನಾನು ನೋಡಿದೆ. ಗಿಡ ಹೋಗುವ ಸಂಕಟ ಅಂದುಕೊಂಡೆ.

"ಮಣ್ಣು ಝಾಡಸಬ್ಯಾಡ್ರಿ" ಎಂದರು.

ಅವರು ಗೋಡೆಯ ಕಡೆಗೇ ಮುಖ ಮಾಡಿ ಮೆಲ್ಲಗೆ ಹೇಳಿದರು: "ಗಿಡ ಎಲ್ಲಿ ಬೇಕಾದ್ರೂ ಸಿಗ್ತಾವು. ಮಣ್ಣು ನಾ ಮಾಡಿದ್ದು."

ನಾನು ಬಗ್ಗಿ ಗೋಡೆಯ ಬುಡದಲ್ಲಿ ಉದುರಿದ್ದನ್ನು ಕೈಗೆ ತೆಗೆದುಕೊಂಡೆ. ಕರ್ರಗಿತ್ತು, ತಣ್ಣಗಿತ್ತು, ಉದುರು ಉದುರು ಉಪ್ಪಿಟ್ಟಿನ ಹಾಗೆ. ಹೊರಗೆ ರಸ್ತೆಯ ಅಂಚಿನ ನೆಲವೋ ಕೆಂಪು ಗರಸು. ಅಷ್ಟು ವರ್ಷ ಎದುರಿಗಿದ್ದೂ ನಾವೆಲ್ಲ ಹೂವನ್ನೇ ನೋಡಿದ್ದೆವು. ಬುಡ ಯಾರೂ ನೋಡಿರಲಿಲ್ಲ.

ಆಮೇಲೆ ಎಲ್ಲರೂ ಮನೆಗೆ ಹೋಗಿ ಬುಟ್ಟಿ, ಬಕೆಟ್, ಸಿಮೆಂಟಿನ ಖಾಲಿ ಚೀಲ ತಂದೆವು. ನಮ್ಮ ಮನೆಯವರು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸುವ ಲೆಕ್ಕದಲ್ಲಿದ್ದರು. ಕಾಂಪೌಂಡಿನ ಉದ್ದಕ್ಕೂ ಒಂದು ಪಟ್ಟಿ ನೆಲ ಬಿಡಲೇಬೇಕು ಎಂದು ಹಟ ಹಿಡಿದೆ. ಅವರು ಗೊಣಗಿದರೂ ಸಲಿಕೆ ಹಿಡಿದು ಅಲ್ಲಿಯ ಗರಸನ್ನು ಅವರೇ ಕಿತ್ತರು. ಸಂಜೆಯವರೆಗೆ ಮಣ್ಣು ಹೊತ್ತೆವು. ಟೀಚರಮ್ಮ ಕೂತಲ್ಲಿಂದ ಏಳಲಿಲ್ಲ, ತಿರುಗಲಿಲ್ಲ. ನಾನು ಚಹಾ ತಂದುಕೊಟ್ಟಾಗ ಲೋಟ ಹಿಡಿದ ನನ್ನ ಕೈಗೆ ಮೆತ್ತಿದ್ದ ಮಣ್ಣನ್ನು ನೋಡಿದರು. ಅವರ ಕಣ್ಣು ತುಂಬಿ ಬಂದಿತ್ತು.

ಎಷ್ಟು ಹೊತ್ತರೂ ಅಂಗಳ ಮುಗಿಯಲಿಲ್ಲ. ಉಳಿದದ್ದನ್ನು ಮುಂದಿನ ವಾರ ಯಂತ್ರ ಕೆದರಿ ಟ್ರ್ಯಾಕ್ಟರಿಗೆ ತುಂಬಿತು. ಯಾವ ತಗ್ಗಿಗೆ ಹೋಗಿ ಬಿತ್ತೋ... ಅದನ್ನು ನಾವ್ಯಾರೂ ಅವರಿಗೆ ತಿಳಿಸಲಿಲ್ಲ. ಫೋನಿನಲ್ಲಿ ಅವರು ಗಿಡಗಳ ಯೋಗಕ್ಷೇಮವನ್ನಷ್ಟೇ ಕೇಳುತ್ತಿದ್ದರು. ಕೂಡ್ಲಿಗಿಗೆ ನಾನು ಒಮ್ಮೆ ಹೋಗಿ ಬಂದೆ. ಮತ್ತೊಮ್ಮೆ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಎದುರಿಗೆ ಈಗ ಮೊಬೈಲ್ ಅಂಗಡಿ, ಬೇಕರಿ. ಕಾಂಪೌಂಡಿನ ಪಕ್ಕದ ನನ್ನ ಪಟ್ಟಿಯಲ್ಲಿ ಕಾಕಡ ಚೆನ್ನಾಗಿಯೇ ಇದೆ, ಕರಿಬೇವು ನನ್ನೆತ್ತರ ಬೆಳೆದಿದೆ. ಆದರೆ ಮಣ್ಣು ವರ್ಷ ವರ್ಷವೂ ಕುಸಿಯುತ್ತದೆ. ಮಳೆಗಾಲ ಮುಗಿದಾಗ ನಾಲ್ಕು ಬೆರಳಷ್ಟು ತಗ್ಗಾಗಿರುತ್ತದೆ. ಮೊದಲ ಸಲ ನೋಡಿದಾಗ ಅವರ ಮಣ್ಣು ಮುಗಿದೇ ಹೋಗುತ್ತದೆಂದು ನನಗೆ ಗಾಬರಿಯಾಗಿತ್ತು. ಅಂದಿನಿಂದ ನಮ್ಮ ಮನೆಯ ಎಲೆ, ಸಿಪ್ಪೆ, ಬಾಡಿದ ಹೂವು ಎಲ್ಲ ಅಲ್ಲಿಗೇ. ಅವು ಕೊಳೆಯುತ್ತವೆ, ಕರಗುತ್ತವೆ, ತಗ್ಗು ತುಂಬುತ್ತದೆ.

ಇವತ್ತು ಬೆಳಿಗ್ಗೆ ಕೈಹಾಕಿ ಕೆದಕಿ ನೋಡಿದೆ. ಅದರಲ್ಲಿ ಅವರು ಮಾಡಿದ್ದೆಷ್ಟು, ನಾನು ಮಾಡಿದ್ದೆಷ್ಟು, ಬೇರೆ ಮಾಡಿ ಹೇಳಲು ನನಗಾಗಲಿಲ್ಲ. ಅವರಾಗಿದ್ದರೆ ಮುಟ್ಟಿ ಹೇಳುತ್ತಿದ್ದರೋ ಏನೋ... ಕೇಳಲು ಅವರಿಲ್ಲ.