ದಾರ ಕಟ್ಟಿದ ಹೂವು

ಬಾದಾಮಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಶುಭದಾ ಹಟಕ್ಕೆ ಬಿದ್ದರೆ ಬಂಡೆಯೂ ದಾರಿ ಬಿಡಬೇಕು. ಮಹಾಕೂಟದ ಬಂಡೆಸಂದಿಯಲ್ಲಿ ಬಿಳಿ ಹೂವಿನ ಗಿಡವೊಂದು ಕಂಡಿದ್ದೇ ತಡ, ಅವಳ ರಜೆಗಳೆಲ್ಲ ಅದಕ್ಕೇ ಹೋದವು. ಸುತ್ತಲಿನ ಗುಡ್ಡಗಳಲ್ಲಿ ಇಂಥದೇ ನೀಲಿ ಹೂವಿನ ಗಿಡ ಬೇಕಾದಷ್ಟಿದೆ. ಆದರೆ ಇದರ ಎಲೆಯೇ ಬೇರೆ. ಯಾರೂ ಹೆಸರಿಡದ ಹೊಸ ಪ್ರಭೇದವಿದು ಎಂದು ಅವಳ ಮನಸ್ಸು ಕುಣಿಯಿತು. ಇಡುವ ಹೆಸರೂ ಸಿದ್ಧವಿತ್ತು, ತಾಯಿ ಜಾನಕಿಬಾಯಿಯದು. ಗಂಡ ತೀರಿದ ಮೇಲೆ ಹಪ್ಪಳ ಮಾರಿ ಮಗಳನ್ನು ಓದಿಸಿದ ಆ ತಾಯಿಯ ಹೆಸರನ್ನು ಊರಲ್ಲಿ ಯಾರೂ ಎಲ್ಲೂ ಬರೆದಿರಲಿಲ್ಲ.

ಬಣ್ಣ ನೋಡಿ ಬೇರೆ ಅನ್ನುವುದು ಸುಲಭ. ಒಬ್ಬಳೇ ತಾಯಿಯ ಮಕ್ಕಳಲ್ಲೂ ಒಬ್ಬಳು ಕಪ್ಪು, ಒಬ್ಬಳು ಕೆಂಪು. ಎರಡು ಬಗೆಯ ಗಿಡ ಕೂಡಿ ಬೀಜವಾಗಿ, ಆ ಬೀಜದ ಗಿಡವೂ ಬೀಜ ಕೊಟ್ಟರೆ ಅವು ಒಂದೇ ಪ್ರಭೇದ ಎಂಬುದು ಜೀವಶಾಸ್ತ್ರಜ್ಞರ ದೊಡ್ಡ ಒರೆಗಲ್ಲು. ಗಿಡಗಳ ಮಟ್ಟಿಗೆ ಅದು ಅಷ್ಟು ಬಿಗಿಯಲ್ಲ, ನಿಜ. ಆದರೆ ಶುಭದಾ ತನ್ನ ವಾದವನ್ನೆಲ್ಲ ಅದರ ಮೇಲೇ ನಿಲ್ಲಿಸಿದ್ದಳು. ನೀಲಿ ಗಿಡದ ಕುಂಡಗಳನ್ನು ಹಿತ್ತಲಲ್ಲಿ, ಬಿಳಿಯವನ್ನು ಮಾಳಿಗೆಯ ಮೇಲೆ ಇಟ್ಟಳು. ನೀಲಿ ಹೂವಿಗೆ ಬಿಳಿಯದರ ಪರಾಗ ತಾಕಿಸಿ, ಗುರುತಿಗೆಂದು ತೊಟ್ಟಿಗೆ ಕೆಂಪು ದಾರ ಕಟ್ಟಿದಳು. ಉಳಿದ ಹೂಗಳೆಲ್ಲ ಕಾಯಾದವು, ದಾರ ಕಟ್ಟಿದ ತೊಟ್ಟುಗಳು ಮಾತ್ರ ಬರಿದಾಗಿ ನಿಂತವು. ಬೆರಕೆ ಒಗ್ಗದೆ ಹೂ ಉದುರಿವೆ ಎಂದುಕೊಂಡಳು. ಬಾಗಲಕೋಟೆಯ ವಿಚಾರ ಸಂಕಿರಣಕ್ಕೆ ಪ್ರಬಂಧವೂ ಹೋಯಿತು.

ಇನ್ನೊಮ್ಮೆ ಖಚಿತವಾಗಲೆಂದು ಮತ್ತಷ್ಟು ಹೂಗಳಿಗೆ ದಾರ ಕಟ್ಟಿದ ಮರುದಿನ ಮುಂಜಾನೆ ಹಿತ್ತಲಿಗೆ ಬಂದರೆ, ಜಾನಕಿಬಾಯಿ ಮಡಿಯಲ್ಲಿ ನಿಂತು ಅವನ್ನೇ ಬಿಡಿಸುತ್ತಿದ್ದಾರೆ.

"ಅವ್ವಾ, ಅವನ್ನ ಯಾಕ ಹರೀತಿ?"

"ದೇವರಿಗೆ ಮೀಸಲು ಅಂತ ನೀನ ದಾರ ಕಟ್ಟೀಯಲ್ಲ. ದಿನಾ ಪೂಜಾಕ್ಕ ಇವನ್ನ ಒಯ್ತೇನಿ. ಉಳದದ್ದು ಒಂದೂ ಮುಟ್ಟಿಲ್ಲ ನೋಡು."

ಮೊದಲ ಹೂವಿಗೆ, ಫಲಕ್ಕೆ ದಾರ ಕಟ್ಟಿ ದೇವರಿಗೆ ಮೀಸಲಿಡುವುದು ಆ ಮನೆಯ ಹಳೆಯ ರೂಢಿ. ಶುಭದಾ ಅದನ್ನು ಮರೆತೇಬಿಟ್ಟಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಒಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಅವಳು ಅದೇ ದಿನ ಪ್ರಬಂಧವನ್ನು ಹಿಂದಕ್ಕೆ ಪಡೆದಳು, ಕಾರಣವನ್ನೂ ಮುಚ್ಚಿಡದೆ ಹೇಳಿದಳು. ಕೆಲವರು ಹೊಟ್ಟೆ ಹಿಡಿದು ನಕ್ಕರು. ನನಗಂತೂ ಅವಳ ಎದೆಗಾರಿಕೆಗೆ ಕೈ ಮುಗಿಯಬೇಕೆನ್ನಿಸುತ್ತದೆ.

ಮತ್ತೆ ಪರಾಗ ತಾಕಿಸಿದಳು. ಈ ಸಲ ಕಾಯಿ ಕಟ್ಟಿತು. ಬೀಜ ಮೊಳೆತು, ಮರುವರ್ಷ ಆ ಗಿಡಗಳು ತಿಳಿನೀಲಿ ಹೂ ಬಿಟ್ಟವು. ಈ ಬೆರಕೆ ಗಿಡಗಳು ಬಂಜೆಯಾದರೆ ಮಾತ್ರ ಹೊಸ ಹೆಸರಿನ ಆಸೆ ಉಳಿಯುತ್ತಿತ್ತು. ಅದೂ, ಇಡುವ ಹೆಸರು ತಮ್ಮದೆಂಬುದೂ ಜಾನಕಿಬಾಯಿಗೆ ಚೆನ್ನಾಗಿ ಗೊತ್ತಿತ್ತು. ಮಗಳು ಕಾಲೇಜಿಗೆ ಹೋದಾಗ ಕುಂಡಗಳ ಮುಂದೆ ಮಣೆ ಹಾಕಿಕೊಂಡು ಕೂತು ಅಳಿಲು, ಗುಬ್ಬಿ ಓಡಿಸುತ್ತಿದ್ದವರು ಅವರೇ. ಒಂದೆರಡು ಎಳೆಗಾಯಿ ಚಿವುಟಿ ಒಗೆದಿದ್ದರೆ ಕೇಳುವವರು ಯಾರಿದ್ದರು?

ಒಂದು ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಅವರು ಅಂಗೈ ಚಾಚಿದರು.

"ಕಾಯಿ ಕಟ್ಯದ. ಒಳಗ ಗಟ್ಟಿ ಬೀಜ ಅವ ನೋಡು."

ಶುಭದಾಳಿಗೆ ಅಳು ತಡೆಯಲಾಗಲಿಲ್ಲ. "ನಿನ್ನ ಹೆಸರು ಹೋತಲ್ಲವ್ವಾ."

"ಹೋಗ್ಲಿ ಬಿಡು. ಒಂದ ಕುಲದ್ದನ್ನ ಎರಡು ಅನ್ನೂದಕ್ಕ ನನ್ನ ಹೆಸರು ಬ್ಯಾಡ."